ಹುಟ್ಟುವ ಮೊದಲೇ ಸ್ಟೆಮ್ ಸೆಲ್ ಚಿಕಿತ್ಸೆ: ಬೇಗ ಹಾಕಿದರೆ ಸಾಕಾ, ಜಾಗ ಬೇಡ್ವಾ?

ಮುಂಬಯಿಯಲ್ಲಿ ನಮ್ಮ ಕನ್ನಡ ಸಂಘಗಳು ರಕ್ತದಾನ ಶಿಬಿರ ಇಟ್ಟಾಗ ಥಲಸ್ಸೀಮಿಯಾ ಎಂಬ ಮಾತು ಬಂದೇ ಬರುತ್ತದೆ. ಕೊಟ್ಟ ರಕ್ತದಲ್ಲಿ ಒಂದಷ್ಟು ಹೋಗುವುದು ಆ ರಕ್ತದ ಕಾಯಿಲೆಯಿರುವ ಮಕ್ಕಳಿಗೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸದಿದ್ದರೆ ಅವರು ಉಳಿಯುವುದು ಕಷ್ಟ. ಈಗೀಗ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ. ‘ಮಗು ಹೊಟ್ಟೆಯಲ್ಲಿರುವಾಗಲೇ ಸ್ಟೆಮ್ ಸೆಲ್ ಹಾಕಿ ಗುಣ ಮಾಡ್ತಾರಂತೆ, ಹೌದಾ?’ ಯಾರೋ ವಾಟ್ಸ್ಯಾಪಿನಲ್ಲಿ ವಿಡಿಯೋ ನೋಡಿರುತ್ತಾರೆ.

ಪೂರ್ತಿ ಸುಳ್ಳೇನಲ್ಲ. ಮೂವತ್ತು ವರ್ಷಕ್ಕೂ ಹಿಂದೆಯೇ ಮನುಷ್ಯರಲ್ಲಿ ಇದನ್ನು ಮಾಡಿದ್ದಾರೆ, ಮಕ್ಕಳು ಬದುಕಿದ್ದಾರೆ. ಆದರೆ ಥಲಸ್ಸೀಮಿಯಾದ ವಿಷಯದಲ್ಲಿ ಇದು ಇನ್ನೂ ಗೆದ್ದಿಲ್ಲ. ಒಂದು ಕಾಯಿಲೆಯಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಯಾಕೆ ಸೋತಿತು? ನನ್ನ ಪ್ರಕಾರ ಇಡೀ ವಿಷಯದ ತಿರುಳು ಇರುವುದು ಆ ಪ್ರಶ್ನೆಯಲ್ಲಿ. ಬೇಗ ಹಾಕಿದರೆ ಸಾಕು ಎಂದು ಎಲ್ಲರೂ ಅಂದುಕೊಂಡಿದ್ದರು. ಅದು ಸಾಲಲಿಲ್ಲ.

ಮೊದಲು ಕಾಯಿಲೆಯ ಕಡೆ ಸ್ವಲ್ಪ ನೋಡೋಣ. ನಮ್ಮ ರಕ್ತದ ಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿರುವ ಸ್ಟೆಮ್ ಸೆಲ್‌ಗಳು ಜೀವಮಾನವಿಡೀ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲವನ್ನೂ ತಯಾರಿಸುತ್ತವೆ. ಆ ಸ್ಟೆಮ್ ಸೆಲ್‌ನ ಜೀನ್‌ನಲ್ಲೇ ತಪ್ಪಿದ್ದರೆ ಅದು ಮಾಡುವ ಕಣಗಳಲ್ಲೂ ಅದೇ ತಪ್ಪು ಬರುತ್ತದೆ. ಥಲಸ್ಸೀಮಿಯಾದಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗುವುದಿಲ್ಲ. ಸಿಕಲ್ ಸೆಲ್ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ ಕೆಟ್ಟು ಕೆಂಪು ಕಣ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ. ಎಸ್‌ಸಿಐಡಿ ಎಂಬ ಕಾಯಿಲೆಯಲ್ಲಿ ಸೋಂಕಿನ ವಿರುದ್ಧ ಹೋರಾಡುವ, ಟಿ ಕಣ ಎಂಬ ಬಿಳಿ ಕಣಗಳೇ ಇರುವುದಿಲ್ಲ, ಸಾಮಾನ್ಯ ನೆಗಡಿಯೂ ಜೀವಕ್ಕೆ ಮುಳುವಾಗಬಹುದು.

ಥಲಸ್ಸೀಮಿಯಾ ಬರಬೇಕಾದರೆ ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ಒಂದೇ ಕಡೆಯಿಂದ ಬಂದರೆ ಮಗು ಬರೀ ವಾಹಕ, ಕಾಯಿಲೆ ಇಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರಲ್ಲ ಎಂಬ ಲೆಕ್ಕ ನಡೆಯುವುದಿಲ್ಲ. ಪ್ರತಿ ಸಲವೂ ಹೊಸದಾಗಿ ಅದೇ ನಾಲ್ಕರಲ್ಲಿ ಒಂದು.

ಹುಟ್ಟಿದ ಮೇಲೆ ಇದಕ್ಕೆ ಪೂರ್ತಿ ಗುಣ ಕೊಡುವ ಹಳೆಯ ದಾರಿ ಬೋನ್ ಮ್ಯಾರೋ ಕಸಿ. ಭಾರತದಲ್ಲಿ ಮೊದಲ ಬೋನ್ ಮ್ಯಾರೋ ಕಸಿ ನಡೆದದ್ದೂ ಮುಂಬಯಿಯಲ್ಲೇ, 1983ರಲ್ಲಿ, ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಈ ಕಸಿಗೆ ಎರಡು ದೊಡ್ಡ ಅಡ್ಡಿಗಳಿವೆ. ಹೊಂದುವ ದಾನಿ ಸಿಗಬೇಕು. ಒಡಹುಟ್ಟಿದವರಲ್ಲೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದೇ. ಎರಡನೆಯದು, ಹೊಸ ಕಣಗಳಿಗೆ ಜಾಗ ಮಾಡಲು ಮಗುವಿನ ಹಳೆಯ ಮಜ್ಜೆಯನ್ನು ಕಡು ಕೀಮೋ ಔಷಧಿಯಿಂದ ಖಾಲಿ ಮಾಡಬೇಕು. ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಸೋಂಕಿನ ಭಯಕ್ಕೆ ವಾರಗಟ್ಟಲೆ ಒಂದೇ ಕೋಣೆಯಲ್ಲಿ ಇರಬೇಕು. ಮುಂದೆ ಮಕ್ಕಳಾಗದ ಅಪಾಯವೂ ಇದೆ. ಇಷ್ಟೆಲ್ಲ ಆದ ಮೇಲೂ ದಾನಿಯ ಕಣಗಳು ಮಗುವಿನ ಮೈಮೇಲೇ ತಿರುಗಿ ಬೀಳಬಹುದು.

ಈ ಎರಡೂ ಅಡ್ಡಿ ಇಲ್ಲದ ಕಾಲವೊಂದು ಪ್ರತಿ ಮನುಷ್ಯನ ಬದುಕಿನಲ್ಲೂ ಇರುತ್ತದೆ, ಅದು ಹುಟ್ಟುವ ಮೊದಲು. ಹೀಗೆಂದು ವಿಜ್ಞಾನಿಗಳಿಗೆ ಹೊಳೆದದ್ದು ದನಗಳಿಂದ.

ಅವಳಿ ಕರುಗಳು ಹೇಳಿಕೊಟ್ಟದ್ದು

1945ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೇ ಓವೆನ್ ಎಂಬ ವಿಜ್ಞಾನಿ ಅವಳಿ ಕರುಗಳ ರಕ್ತ ನೋಡುತ್ತಿದ್ದರು. ಆ ಅವಳಿಗಳು ಒಂದೇ ತರಹದವಲ್ಲ, ಬೇರೆ ಬೇರೆ ಮೊಟ್ಟೆಯಿಂದ ಹುಟ್ಟಿದವು. ಹಾಗಾದರೆ ರಕ್ತದ ಗುಂಪೂ ಬೇರೆ ಇರಬೇಕಲ್ವಾ? ನೋಡಿದರೆ ಪ್ರತಿ ಕರುವಿನಲ್ಲೂ ಎರಡೂ ಬಗೆಯ ರಕ್ತಕಣ ಸಿಕ್ಕವು. ದನಗಳಲ್ಲಿ ಅವಳಿಗಳ ಮಾಸಿನ ರಕ್ತನಾಳಗಳು ಹೊಟ್ಟೆಯೊಳಗೇ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಒಂದರ ಸ್ಟೆಮ್ ಸೆಲ್ ಇನ್ನೊಂದಕ್ಕೆ ಹೋಗಿ ನೆಲೆಸಿ, ದೊಡ್ಡದಾದ ಮೇಲೂ ರಕ್ತ ಮಾಡುತ್ತಲೇ ಇತ್ತು. ಕೀಮೋ ಇಲ್ಲ, ಔಷಧಿ ಇಲ್ಲ, ತಿರಸ್ಕಾರವೂ ಇಲ್ಲ. ನಿಸರ್ಗವೇ ಮಾಡಿದ ಕಸಿ.

1953ರಲ್ಲಿ ಇಂಗ್ಲೆಂಡಿನಲ್ಲಿ ಪೀಟರ್ ಮೆಡವಾರ್ ಮತ್ತು ಅವರ ಇಬ್ಬರು ಜೊತೆಗಾರರು ಇದನ್ನೇ ಇಲಿಗಳಲ್ಲಿ ಬೇಕೆಂದೇ ಮಾಡಿ ತೋರಿಸಿದರು. ಹೊಟ್ಟೆಯೊಳಗಿನ ಇಲಿಮರಿಗೆ ಬೇರೆ ತಳಿಯ ಕಣ ಚುಚ್ಚಿದರು. ಮರಿ ದೊಡ್ಡದಾದ ಮೇಲೆ ಅದೇ ತಳಿಯ ಚರ್ಮ ಹಚ್ಚಿದರೆ ಅದು ತಳ್ಳಿಹಾಕಲಿಲ್ಲ, ತನ್ನದೇ ಎಂದು ಇಟ್ಟುಕೊಂಡಿತು. ಮೆಡವಾರ್ ಅವರಿಗೆ 1960ರಲ್ಲಿ ನೊಬೆಲ್ ಸಿಕ್ಕಿತು.

ಇದಕ್ಕೆ ಕಾರಣ ಥೈಮಸ್. ಎದೆಯೊಳಗೆ ಇರುವ ಈ ಪುಟ್ಟ ಗ್ರಂಥಿಯಲ್ಲಿ ಟಿ ಕಣಗಳು ಯಾವುದು ತನ್ನದು, ಯಾವುದು ಹೊರಗಿನದು ಎಂದು ಗುರುತಿಸಲು ಕಲಿಯುತ್ತವೆ. ಮನುಷ್ಯರಲ್ಲಿ ಈ ಕಲಿಕೆ ಶುರುವಾಗುವುದು ಬಸಿರಿನ ಮೊದಲ ಮೂರು ತಿಂಗಳ ಒಳಗೆ. ಆಗ ದಾನಿಯ ಕಣ ಅಲ್ಲಿದ್ದರೆ ಅದನ್ನೂ ತನ್ನದರ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಅಂದಮೇಲೆ ಹೊಂದುವ ದಾನಿಗಾಗಿ ಅಲೆಯಬೇಕಿಲ್ಲ.

ಇನ್ನೂ ಎರಡು ಅನುಕೂಲಗಳು ಕಾಣಿಸಿದವು. ಭ್ರೂಣದಲ್ಲಿ ರಕ್ತ ಮಾಡುವ ಕೆಲಸ ಊರು ಬದಲಿಸುತ್ತಾ ಹೋಗುತ್ತದೆ. ಮೊದಲು ಯೋಕ್ ಸ್ಯಾಕ್ ಎಂಬ ಚೀಲದಲ್ಲಿ, ಆಮೇಲೆ ಲಿವರ್‌ನಲ್ಲಿ, ಕೊನೆಗೆ ಮೂಳೆಮಜ್ಜೆಯಲ್ಲಿ. ಸ್ಟೆಮ್ ಸೆಲ್‌ಗಳು ಹೇಗೂ ಗುಳೆ ಹೊರಟಿರುವಾಗ ಹೊಸಬರೂ ಜೊತೆಗೆ ಹೋಗಿ ಮಜ್ಜೆಯಲ್ಲಿ ಕೂರಬಹುದು. ಮತ್ತೆ ಮಗುವಿನ ತೂಕ. 20ನೇ ವಾರದಲ್ಲಿ ಅದು ಸುಮಾರು 300 ಗ್ರಾಂ ಅಷ್ಟೇ. ದೊಡ್ಡವರೊಬ್ಬರಿಂದ ತೆಗೆದ ಮಜ್ಜೆಯ ಕಣಗಳನ್ನು ಅಷ್ಟು ಪುಟ್ಟ ಮೈಗೆ ಕೊಟ್ಟರೆ ಕಿಲೋ ಲೆಕ್ಕದಲ್ಲಿ ಅದು ಭಾರೀ ಪ್ರಮಾಣ.

ಕಾಗದದ ಮೇಲೆ ಇದಕ್ಕಿಂತ ಚಂದದ ಯೋಜನೆ ಇರಲಿಕ್ಕಿಲ್ಲ.

ಗೆದ್ದದ್ದು ಎಲ್ಲಿ

ಹೊಟ್ಟೆಯೊಳಗಿನ ಮಗುವಿಗೆ ಸೂಜಿ ಹಾಕುವುದು ಹೊಸದೇನಲ್ಲ. ನ್ಯೂಜಿಲೆಂಡಿನ ವಿಲಿಯಂ ಲೈಲಿ 1963ರಲ್ಲೇ ಆರ್‌ಎಚ್ ರಕ್ತಗುಂಪು ಅಮ್ಮನದಕ್ಕೆ ಹೊಂದದ ಮಗುವಿಗೆ ಗರ್ಭದಲ್ಲೇ ರಕ್ತ ಕೊಟ್ಟಿದ್ದರು. ಇವತ್ತು ಅಲ್ಟ್ರಾಸೌಂಡ್ ನೋಡುತ್ತಾ ಹೊಕ್ಕುಳಬಳ್ಳಿಯ ರಕ್ತನಾಳಕ್ಕೇ ಸೂಜಿ ಇಳಿಸುತ್ತಾರೆ.

ಫ್ರಾನ್ಸಿನ ಲಿಯೋನ್‌ನಲ್ಲಿ ಜಾನ್-ಲೂಯಿ ಟುರೇನ್ 1988ರಲ್ಲಿ ಮೊದಲ ಬಾರಿ ಗರ್ಭದಲ್ಲೇ ಸ್ಟೆಮ್ ಸೆಲ್ ಕೊಟ್ಟರು. ಮಗುವಿಗಿದ್ದದ್ದು ರೋಗನಿರೋಧಕ ಶಕ್ತಿಯೇ ಕೆಲಸ ಮಾಡದ ಒಂದು ಅಪರೂಪದ ಕಾಯಿಲೆ. ಕಣಗಳು ನೆಲೆಸಿದವು. ಆಮೇಲೆ 1996ರಲ್ಲಿ ಅಮೆರಿಕದ ಅಲನ್ ಫ್ಲೇಕ್ ತಂಡದ ವರದಿ ಬಂತು. ಎಸ್‌ಸಿಐಡಿ ಇರುವ ಗಂಡು ಮಗುವಿಗೆ 16ನೇ ವಾರದಿಂದ ಅಪ್ಪನ ಮಜ್ಜೆಯ ಕಣಗಳನ್ನು ಹೊಟ್ಟೆಗೆ ಚುಚ್ಚಿದ್ದರು. ಮಗು ಹುಟ್ಟಿತು, ಅದರ ರೋಗನಿರೋಧಕ ಶಕ್ತಿಯೂ ಕೆಲಸ ಮಾಡಿತು. ಅದೇ ವರ್ಷ ಇಟಲಿಯಿಂದಲೂ ಇಂಥದೇ ವರದಿ.

ಎಲ್ಲೆಡೆ ಉತ್ಸಾಹ. ಥಲಸ್ಸೀಮಿಯಾ, ಸಿಕಲ್ ಸೆಲ್, ಇನ್ನೂ ಹತ್ತಾರು ಕಾಯಿಲೆಗಳಿಗೆ ಪ್ರಯತ್ನಿಸಿದರು. ಕಣಗಳು ನಿಲ್ಲಲಿಲ್ಲ. ನಿಂತರೂ ನೂರಕ್ಕೆ ಒಂದಕ್ಕಿಂತ ಕಡಿಮೆ. ಥಲಸ್ಸೀಮಿಯಾ ಮಗುವಿಗೆ ನಿಜವಾದ ಪ್ರಯೋಜನ ಆಗಬೇಕಾದರೆ ಮಜ್ಜೆಯಲ್ಲಿ ನೂರಕ್ಕೆ ಹತ್ತು-ಇಪ್ಪತ್ತರಷ್ಟಾದರೂ ದಾನಿಯ ಕಣ ಇರಬೇಕು.

ಎಸ್‌ಸಿಐಡಿಯ ಗೆಲುವನ್ನು ಹತ್ತಿರದಿಂದ ನೋಡಿದರೆ ಕಾರಣ ಸಿಗುತ್ತದೆ. ಫ್ಲೇಕ್ ತಂಡ ಚಿಕಿತ್ಸೆ ಕೊಟ್ಟ ಆ ಮಗುವಿನಲ್ಲಿ ಟಿ ಕಣಗಳು ಅಪ್ಪನವು. ಉಳಿದ ರಕ್ತಕಣಗಳು ಹೆಚ್ಚಿನವು ಮಗುವಿನವೇ. ಅಂದರೆ ಅಪ್ಪನ ಕಣಗಳು ಇಡೀ ಮಜ್ಜೆಯನ್ನು ಗೆದ್ದಿರಲಿಲ್ಲ, ಖಾಲಿಯಿದ್ದ ಒಂದು ಕಡೆ ಮಾತ್ರ ತುಂಬಿಕೊಂಡಿದ್ದವು. ಬೆಳಗ್ಗೆ ಎಂಟರ ಡೊಂಬಿವಲಿ ಲೋಕಲ್ ನೆನೆಸಿಕೊಳ್ಳಿ. ಕಲ್ಯಾಣದಲ್ಲೇ ತುಂಬಿ ಬಂದ ಗಾಡಿಗೆ ನೀವು ಹೇಗೋ ನುಗ್ಗಬಹುದು, ಕೂರಲು ಸೀಟು ಸಿಗುವುದಿಲ್ಲ. ಯಾರೂ ನಿಮ್ಮನ್ನು ಇಳಿಸುವುದಿಲ್ಲ, ಆದರೆ ಜಾಗವೂ ಇಲ್ಲ. ಎಸ್‌ಸಿಐಡಿ ಮಗುವಿನ ಥೈಮಸ್ ಖಾಲಿ ಡಬ್ಬಿ, ಹತ್ತಿದವರಿಗೆಲ್ಲ ಸೀಟು. ಥಲಸ್ಸೀಮಿಯಾದ ಮಜ್ಜೆಯಲ್ಲಿ ಮಗುವಿನದೇ ಸ್ಟೆಮ್ ಸೆಲ್‌ಗಳು ತುಂಬಿ ಕೂತಿರುತ್ತವೆ. ಅವು ಮಾಡುವ ಕೆಂಪು ಕಣ ಕೆಟ್ಟದ್ದು, ಆದರೆ ಸೀಟು ಹಿಡಿಯುವುದರಲ್ಲಿ ಅವು ಯಾರಿಗೂ ಕಡಿಮೆಯಿಲ್ಲ.

ಹುಟ್ಟಿದ ಮೇಲಿನ ಕಸಿಯಲ್ಲಿ ಕೀಮೋ ಮಾಡುವುದು ಇದನ್ನೇ, ಜಾಗ ಖಾಲಿ ಮಾಡಿಸುವುದು. 300 ಗ್ರಾಂನ ಮಗುವಿಗೆ ಕೀಮೋ ಕೊಡುವ ಮಾತೇ ಇಲ್ಲ. ಇದಕ್ಕೆ ಬದಲಾಗಿ ಹಳೆಯ ಸ್ಟೆಮ್ ಸೆಲ್‌ಗಳನ್ನಷ್ಟೇ ಗುರುತಿಸಿ ತೆರವು ಮಾಡುವ ಪ್ರತಿಕಾಯಗಳನ್ನು (ಆಂಟಿಬಾಡಿ) ಇಲಿಗಳಲ್ಲಿ ಪರೀಕ್ಷಿಸಿದ್ದಾರೆ. ಅಲ್ಲಿ ಕೆಲಸ ಮಾಡಿದೆ.

ಒಂದು ವಿಪರ್ಯಾಸವನ್ನೂ ಹೇಳಿಬಿಡಬೇಕು. ಗೆದ್ದ ಆ ಒಂದು ಕಾಯಿಲೆಯಲ್ಲೂ ಈಗ ಗರ್ಭದಲ್ಲಿ ಕಸಿ ಮಾಡುವ ಅವಸರ ಅಷ್ಟಿಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಮೂರೂವರೆ ತಿಂಗಳೊಳಗೆ ಕಸಿ ಮಾಡಿಸಿಕೊಂಡ ಎಸ್‌ಸಿಐಡಿ ಮಕ್ಕಳಲ್ಲಿ ನೂರಕ್ಕೆ 94 ಮಂದಿ ಬದುಕಿದ್ದರು. ಹುಟ್ಟಿದ ಕೂಡಲೇ ಕಾಯಿಲೆ ಗೊತ್ತಾದರೆ ಸಾಕು, ಹೊರಗೇ ಗುಣ ಮಾಡಬಹುದು. ನಮ್ಮಲ್ಲಿ ಹೆಚ್ಚಾಗಿ ಗೊತ್ತಾಗುವುದೇ ಮಗು ಎರಡು ಮೂರು ಸಲ ಆಸ್ಪತ್ರೆ ಸೇರಿದ ಮೇಲೆ. ಸೋದರಮಾವ, ಅತ್ತೆ ಮಕ್ಕಳ ನಡುವೆ ಮದುವೆ ನಡೆಯುವ ಮನೆತನಗಳಲ್ಲಿ ಹೀಗೆ ಎಳೆ ಮಕ್ಕಳು ಸೋಂಕಿನಿಂದ ಒಂದಾದ ಮೇಲೊಂದು ಹೋದ ಚರಿತ್ರೆ ಇದ್ದರೆ ಡಾಕ್ಟರ ಮುಂದೆ ಅದನ್ನು ಮುಚ್ಚಿಡಬೇಡಿ. ಹತ್ತಿರದ ಸಂಬಂಧದಲ್ಲಿ ಇಬ್ಬರಲ್ಲೂ ಒಂದೇ ಕೆಟ್ಟ ಜೀನ್ ಇರುವ ಸಾಧ್ಯತೆ ಜಾಸ್ತಿ.

ಅಡ್ಡ ಬಂದವಳು ಅಮ್ಮ

ಜಾಗದ ಸಮಸ್ಯೆಯೊಂದೇ ಅಲ್ಲ. ಇಲಿಗಳಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಭ್ರೂಣ ತಾನೇ ಯಾವುದನ್ನೂ ತಿರಸ್ಕರಿಸಬಾರದು. ಆದರೂ ದಾನಿಯ ಕಣಗಳು ಎಷ್ಟೋ ಮರಿಗಳಲ್ಲಿ ಮಾಯವಾಗುತ್ತಿದ್ದವು. ಹಾಗಾದರೆ ಅವನ್ನು ಓಡಿಸುತ್ತಿರುವವರು ಯಾರು?

ಉತ್ತರ ಎರಡು ಕಡೆಯಿಂದ ಬಂತು, ಎರಡೂ ಅಮ್ಮನ ಕಡೆಗೇ ಬೆರಳು ತೋರಿಸಿದವು. 2009ರಲ್ಲಿ ಫ್ಲೇಕ್ ಅವರ ತಂಡ ಒಂದು ಸರಳ ಪ್ರಯೋಗ ಮಾಡಿತು. ಕಸಿ ಆದ ಮರಿಗಳನ್ನು ಹುಟ್ಟಿದ ಕೂಡಲೇ ಬೇರೆ ತಾಯಿಯ ಹಾಲಿಗೆ ಬಿಟ್ಟರು. ಅವುಗಳಲ್ಲಿ ದಾನಿಯ ಕಣ ಉಳಿದವು. ಸ್ವಂತ ತಾಯಿಯ ಹಾಲು ಕುಡಿದ ಮರಿಗಳಲ್ಲಿ ಹೆಚ್ಚಿನವು ಕಳೆದುಕೊಂಡವು. ಕಸಿಯ ಹೊತ್ತಿಗೆ ತಾಯಿಯ ಮೈ ಆ ಹೊರಗಿನ ಕಣಗಳ ವಿರುದ್ಧ ಪ್ರತಿಕಾಯ ತಯಾರಿಸಿತ್ತು, ಹಾಲಿನ ಮೂಲಕ ಅದು ಮರಿಗೆ ಹೋಗುತ್ತಿತ್ತು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟಿಪ್ಪಿ ಮೆಕೆಂಝಿ ಅವರ ತಂಡ ಇನ್ನೊಂದನ್ನು ತೋರಿಸಿತು. ತಾಯಿಯ ಟಿ ಕಣಗಳೇ ಮಾಸನ್ನು ದಾಟಿ ಮಗುವಿನ ರಕ್ತಕ್ಕೆ ಬರುತ್ತವೆ, ದಾನಿಯ ಕಣಗಳು ನೆಲೆಸಲು ಬಿಡುವುದಿಲ್ಲ.

ತಾಯಿಯ ಕಣಗಳು ಮಗುವಿನಲ್ಲಿ ಓಡಾಡುವುದು ಹೊಸ ಸಂಗತಿಯಲ್ಲ. ದಶಕಗಳ ಮೇಲೂ ಮಕ್ಕಳ ಮೈಯಲ್ಲಿ ಅಮ್ಮನ ಕೆಲವು ಕಣಗಳು ಸಿಗುತ್ತವೆ. ಮಗು ಅವನ್ನು ಹೊರಗೆ ಹಾಕುವುದಿಲ್ಲ. ಅಮ್ಮನ ಕಣಗಳ ಮೇಲೆ ಬೀಳಬೇಡಿ ಎಂದು ತನ್ನ ರೋಗನಿರೋಧಕ ವ್ಯವಸ್ಥೆಯನ್ನು ತಡೆಯುವ ವಿಶೇಷ ಟಿ ಕಣಗಳು ಮನುಷ್ಯ ಭ್ರೂಣದಲ್ಲಿ ಇವೆ ಎಂದು 2008ರಲ್ಲೇ ಗೊತ್ತಾಗಿತ್ತು.

ಇವೆರಡನ್ನೂ ಜೋಡಿಸಿದರೆ ದಾರಿ ತಾನೇ ಕಾಣುತ್ತದೆ. ದಾನಿ ಅಮ್ಮನೇ ಆಗಲಿ. ಅವಳ ಟಿ ಕಣಗಳು ಅವಳದೇ ಸ್ಟೆಮ್ ಸೆಲ್ ಮೇಲೆ ಬೀಳುವುದಿಲ್ಲ. ಮಗುವಂತೂ ಅಮ್ಮನನ್ನು ಮೊದಲೇ ಒಪ್ಪಿಕೊಂಡಿದೆ. ಹುಟ್ಟಿದ ಮೇಲಾದರೆ ಅರ್ಧವೇ ಹೊಂದುವ ದಾನಿ ಎಂದು ಅಮ್ಮ ಎರಡನೇ ಸಾಲಿಗೆ ಹೋಗುತ್ತಾಳೆ. ಗರ್ಭದಲ್ಲಿ ಅವಳೇ ಮೊದಲ ಆಯ್ಕೆ. ಇನ್ನೊಂದು ಲಾಭ, ಥೈಮಸ್‌ನ ಕಲಿಕೆಗೆ ಮೊದಲೇ, 14 ವಾರದೊಳಗೆ ಮುಗಿಸಬೇಕೆಂಬ ಓಟವೂ ಇಲ್ಲ.

ಆಲ್ಫಾನೇ ಯಾಕೆ, ಬೀಟಾ ಯಾಕಲ್ಲ

ಇದೇ ಲೆಕ್ಕದ ಮೇಲೆ ಮೆಕೆಂಝಿ ಅವರ ತಂಡ ಮನುಷ್ಯರಲ್ಲಿ ಟ್ರಯಲ್ ಶುರು ಮಾಡಿತು. ಆರಿಸಿಕೊಂಡದ್ದು ಆಲ್ಫಾ ಥಲಸ್ಸೀಮಿಯಾ ಮೇಜರ್, ಮೇಜರ್ ಅಂದರೆ ಕಾಯಿಲೆಯ ತೀವ್ರ ರೂಪ. ವಿಡಿಯೋಗಳಲ್ಲಿ ಬರುವ ‘ಥಲಸ್ಸೀಮಿಯಾ ಮಗು’ ಹೆಚ್ಚಾಗಿ ಈ ಆಲ್ಫಾದ್ದು, ನಮ್ಮ ಶಿಬಿರಗಳಲ್ಲಿ ಕೇಳುವ ಬೀಟಾ ಅಲ್ಲ. ಎರಡರ ವ್ಯತ್ಯಾಸ ಗೊತ್ತಾಗದಿದ್ದರೆ ಆಸೆ ತಪ್ಪು ಜಾಗದಲ್ಲಿ ಹುಟ್ಟಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ದೊಡ್ಡವರ ಹಿಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ ಸರಪಳಿ, ಎರಡು ಬೀಟಾ ಸರಪಳಿ. ಹೊಟ್ಟೆಯಲ್ಲಿರುವ ಮಗುವಿನಲ್ಲಿ ಬೀಟಾದ ಬದಲು ಗಾಮಾ ಎಂಬ ಇನ್ನೊಂದು ಸರಪಳಿ ಕೆಲಸ ಮಾಡುತ್ತದೆ. ಹಾಗಾಗಿ ಬೀಟಾ ಕೆಟ್ಟಿರುವ ಮಗು ಗರ್ಭದಲ್ಲಿ ಆರಾಮವಾಗಿಯೇ ಇರುತ್ತದೆ. ಹುಟ್ಟುವಾಗಲೂ ಗುಂಡಗಿರುತ್ತದೆ. ಗಾಮಾ ಕಡಿಮೆಯಾಗುತ್ತಾ ಬಂದ ಹಾಗೆ, ಆರು ತಿಂಗಳ ಆಸುಪಾಸಿನಲ್ಲಿ, ಮುಖ ಬಿಳಿಚಿಕೊಳ್ಳಲು ಶುರು. ಆಲ್ಫಾ ಸರಪಳಿ ಹಾಗಲ್ಲ. ಅದು ಗರ್ಭದಲ್ಲೂ ಬೇಕು, ಹೊರಗೂ ಬೇಕು. ನಾಲ್ಕು ಆಲ್ಫಾ ಜೀನ್‌ಗಳೂ ಇಲ್ಲದ ಮಗುವಿಗೆ ಹೊಟ್ಟೆಯಲ್ಲೇ ರಕ್ತಹೀನತೆ, ಮೈತುಂಬ ನೀರು, ಹೃದಯ ಸೋಲುತ್ತದೆ. ಏನೂ ಮಾಡದಿದ್ದರೆ ಹೆಚ್ಚಿನ ಮಕ್ಕಳು ಹುಟ್ಟುವ ಮೊದಲೇ ಅಥವಾ ಹುಟ್ಟಿದ ಕೂಡಲೇ ಹೋಗುತ್ತವೆ. ಆಗ್ನೇಯ ಏಷ್ಯಾದಲ್ಲಿ ಇದು ಸಾಮಾನ್ಯ. ಭಾರತದಲ್ಲಿ ಆಲ್ಫಾ ಜೀನ್ ಒಂದೋ ಎರಡೋ ಇಲ್ಲದವರು ಇದ್ದಾರೆ, ನಾಲ್ಕೂ ಇಲ್ಲದ ಮಗು ಅಪರೂಪ.

ಆಲ್ಫಾ ಮಗುವನ್ನು ಉಳಿಸಲು ಗರ್ಭದಲ್ಲೇ ಹಲವು ಸಲ ರಕ್ತ ಕೊಡಬೇಕಾಗುತ್ತದೆ. ಸೂಜಿ ಹೇಗೂ ಹೊಕ್ಕುಳಬಳ್ಳಿಗೆ ಇಳಿಯಲೇಬೇಕು. ಆ ಒಂದು ಸಲದ ರಕ್ತದ ಜೊತೆಗೆ ಅಮ್ಮನ ಸ್ಟೆಮ್ ಸೆಲ್‌ಗಳನ್ನೂ ಸೇರಿಸಿದರೆ ಹೊಸ ಅಪಾಯ ತೀರಾ ಕಡಿಮೆ. ಬೀಟಾ ಮಗುವಿನ ವಿಷಯದಲ್ಲಿ ಹಾಗೆ ಹೇಳಲಾಗದು. ಅಲ್ಲಿ ಚೆನ್ನಾಗಿರುವ ಮಗುವಿಗೆ, ಚೆನ್ನಾಗಿರುವ ಬಸಿರಿಗೆ ಬೇಕೆಂದೇ ಸೂಜಿ ಹಾಕಬೇಕು. ಗರ್ಭಪಾತದ ಅಪಾಯ ಸಣ್ಣದಾದರೂ ಇದ್ದೇ ಇದೆ. ಸಾಲದ್ದಕ್ಕೆ ರೋಗಿಗಳು ಇಬ್ಬರು, ಅದರಲ್ಲಿ ಅಮ್ಮನಿಗೆ ಕಾಯಿಲೆಯೇ ಇಲ್ಲ. ಮೊದಲ ಹೆಜ್ಜೆಗೆ ಆಲ್ಫಾವನ್ನು ಆರಿಸಿಕೊಂಡದ್ದು ಅದಕ್ಕೇ. ನನಗಂತೂ ಇಡೀ ಯೋಜನೆಯಲ್ಲಿ ಇದೇ ತುಂಬ ಜಾಣತನದ ನಿರ್ಧಾರ ಅನಿಸುತ್ತದೆ.

ಮಾಡುವ ಕ್ರಮ ಹೀಗೆ. ಬಸಿರಿನ 18ರಿಂದ 25 ವಾರಗಳ ನಡುವೆ ತಾಯಿಯ ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಲ್ಯಾಬಿನಲ್ಲಿ ಅದರಿಂದ ಸ್ಟೆಮ್ ಸೆಲ್‌ಗಳನ್ನು ಬೇರ್ಪಡಿಸುತ್ತಾರೆ. ಬಲಿತ ಟಿ ಕಣಗಳು ಉಳಿದರೆ ಅವು ಮಗುವಿನ ಮೈಯನ್ನೇ ಹೊಡೆಯಬಹುದು, ಆದ್ದರಿಂದ ಈ ಹಂತದಲ್ಲಿ ಸಡಿಲ ಬಿಡುವಂತಿಲ್ಲ. ಆಮೇಲೆ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ.

ಈ ಟ್ರಯಲ್‌ನ ಮೊದಲ ಮಗು 2018ರ ಆರಂಭದಲ್ಲಿ ಹುಟ್ಟಿತು. ಜೀವಂತ ಹುಟ್ಟಿದ್ದೇ ದೊಡ್ಡ ಸಂಗತಿ, ಸುದ್ದಿಯಾಯಿತು. ಆದರೆ ಹುಟ್ಟಿದ ಮೇಲೂ ಅದಕ್ಕೆ ರಕ್ತ ಕೊಡಬೇಕಾಯಿತು. ಗರ್ಭದಲ್ಲಿ ಅದನ್ನು ಉಳಿಸಿದ್ದು ಮುಖ್ಯವಾಗಿ ಕೊಟ್ಟ ರಕ್ತ, ಸ್ಟೆಮ್ ಸೆಲ್ ಅಲ್ಲ. ಸುದ್ದಿಯ ಶೀರ್ಷಿಕೆಗಳಲ್ಲಿ ಈ ಮಾತು ಸಿಗುವುದು ಕಷ್ಟ. ತಿರಸ್ಕಾರದ ಸಮಸ್ಯೆಗೆ ಅಮ್ಮ ಪರಿಹಾರ ಸರಿ, ಜಾಗದ ಸಮಸ್ಯೆಗೆ ಅಲ್ಲ.

ಹಾಗಾದರೆ ಇದೆಲ್ಲ ವ್ಯರ್ಥವಾ? ನನಗೆ ಹಾಗನಿಸುವುದಿಲ್ಲ. ನೂರಕ್ಕೆ ಒಂದು ಕಣ ನಿಂತರೂ ಅದಕ್ಕೊಂದು ಬೆಲೆಯಿದೆ. ಆ ದಾನಿಯನ್ನು ಮಗುವಿನ ಮೈ ತನ್ನವರೆಂದು ಗುರುತಿಟ್ಟುಕೊಂಡಿರುತ್ತದೆ. ಹುಟ್ಟಿದ ಮೇಲೆ ಅದೇ ದಾನಿಯಿಂದ, ಕಡು ಕೀಮೋ ಬದಲು ಸೌಮ್ಯವಾದ ಔಷಧಿ ಕೊಟ್ಟು, ಎರಡನೇ ಸಲ ಕಸಿ ಮಾಡಬಹುದು. ಇಲಿ, ನಾಯಿಗಳಲ್ಲಿ ಇದು ಫಲ ಕೊಟ್ಟಿದೆ. ಅಂದರೆ ಗರ್ಭದ ಕಸಿ ಒಂದೇ ಏಟಿಗೆ ಗುಣ ಮಾಡದೆ, ಮುಂದಿನ ಕಸಿಗೆ ಮಗುವನ್ನು ತಯಾರು ಮಾಡುವ ಕೆಲಸವಾಗಬಹುದು. ಜಗತ್ತಿನಲ್ಲಿ ಈವರೆಗೆ ವರದಿಯಾದ ಇಂಥ ಗರ್ಭದ ಕಸಿಗಳು 50ರ ಆಸುಪಾಸು ಅಷ್ಟೇ. ಗಟ್ಟಿ ತೀರ್ಮಾನಕ್ಕೆ ಇದು ಸಾಲದು.

ಪಕ್ಕದ ದಾರಿಗಳೂ ಇವೆ. ಮೂಳೆ ಮುರಿಯುವ ಕಾಯಿಲೆಯಾದ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾಗೆ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಬೇರೆ ಬಗೆಯ ಸ್ಟೆಮ್ ಸೆಲ್ ಕೊಟ್ಟು 2005ರಲ್ಲಿ ವರದಿ ಮಾಡಿದರು. ಸ್ನಾಯುಗಳನ್ನು ಸೊರಗಿಸುವ ಪಾಂಪೆ ಕಾಯಿಲೆಯಿದ್ದ ಮಗುವಿಗೆ ಇಲ್ಲದ ಎನ್‌ಝೈಮನ್ನೇ ಹೊಕ್ಕುಳಬಳ್ಳಿಯಿಂದ ಆರು ಸಲ ಕೊಟ್ಟ ಕೆನಡಾದ ಪ್ರಕರಣ 2022ರಲ್ಲಿ ಪ್ರಕಟವಾಯಿತು. ಎಸ್‌ಎಂಎ ಎಂಬ ನರ-ಸ್ನಾಯು ಕಾಯಿಲೆಗೆ ಬಸುರಿ ತಾಯಿಯೇ ಕೊನೆಯ ವಾರಗಳಲ್ಲಿ ಔಷಧಿ ಕುಡಿದ ವರದಿ 2025ರಲ್ಲಿ ಬಂತು. ಕೊನೆಯ ಎರಡರಲ್ಲಿ ಕಣ ನೆಲೆಸುವ ತಲೆನೋವಿಲ್ಲ, ಆದರೆ ಹುಟ್ಟಿದ ಮೇಲೂ ಔಷಧಿ ಮುಂದುವರಿಸಬೇಕು.

ಸದ್ಯಕ್ಕೆ ಮುಂಬಯಿ, ಪುಣೆಯಲ್ಲಿ ಏನು ಮಾಡಬಹುದು

ಭಾರತದಲ್ಲಿ ನೂರಕ್ಕೆ ಮೂರು-ನಾಲ್ಕು ಜನ ಬೀಟಾ ಥಲಸ್ಸೀಮಿಯಾ ವಾಹಕರು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕಾಯಿಲೆಯೊಂದಿಗೆ ಹುಟ್ಟುತ್ತಾರೆ. ಸಿಂಧಿ, ಪಂಜಾಬಿ, ಕಚ್ಛಿ ಭಾನುಶಾಲಿ, ಲೋಹಾಣಾ ಸಮಾಜಗಳಲ್ಲಿ ಪ್ರಮಾಣ ಜಾಸ್ತಿ. ಇದರಿಂದ ಮುಂಬಯಿ ಕನ್ನಡಿಗರಲ್ಲಿ ಒಂದು ತಪ್ಪು ತಿಳಿವಳಿಕೆ ಬೆಳೆದಿದೆ, ‘ಅದು ಉಲ್ಲಾಸನಗರದ ಸಿಂಧಿಗಳ ಕಾಯಿಲೆ, ನಮಗೇನು’ ಅಂತ. ಬೆಳಗಾವಿ, ಬಾಗಲಕೋಟೆ, ದಾವಣಗೆರೆಯಲ್ಲೂ ರಕ್ತ ಏರಿಸಿಕೊಳ್ಳುವ ಮಕ್ಕಳಿದ್ದಾರೆ. ಮತ್ತೆ ಈ ಊರಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮದುವೆಯಾಗುವುದು ಬರೀ ನಮ್ಮವರನ್ನೇ ಅಲ್ಲ. ಹಾಗಾಗಿ ಜಾತಿ, ಊರು ನೋಡಿ ಪರೀಕ್ಷೆ ಬಿಡುವುದರಲ್ಲಿ ಅರ್ಥವಿಲ್ಲ.

ಪರೀಕ್ಷೆ ದೊಡ್ಡದೇನಲ್ಲ. ರಕ್ತಕಣಗಳನ್ನು ಎಣಿಸುವ ಸಿಬಿಸಿ ಮತ್ತು ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ. ಎಚ್‌ಬಿಎ2 ಎಂಬ ಹಿಮೋಗ್ಲೋಬಿನ್ ಸುಮಾರು ನೂರಕ್ಕೆ 3.5 ದಾಟಿದರೆ ಬೀಟಾ ವಾಹಕ ಎಂಬ ಅನುಮಾನ ಬಲವಾಗುತ್ತದೆ. ಸಿಕಲ್ ಸೆಲ್ ಜೀನ್ ಇದ್ದರೂ ಇದರಲ್ಲೇ ಸಿಗುತ್ತದೆ. ವಾಹಕರಿಗೆ ಯಾವ ತೊಂದರೆಯೂ ಕಾಣದ ಕಾರಣ ಎಷ್ಟೋ ಹೆಂಗಸರು ‘ರಕ್ತ ಕಡಿಮೆ’ ಎಂದು ವರ್ಷಗಟ್ಟಲೆ ಸುಮ್ನೆ ಕಬ್ಬಿಣದ ಮಾತ್ರೆ ನುಂಗುತ್ತಿರುತ್ತಾರೆ. ಕೆಂಪು ಕಣ ಸಣ್ಣದಿದೆ, ಮಾತ್ರೆಯಿಂದ ಏರುತ್ತಿಲ್ಲ ಎಂದರೆ ಎಚ್‌ಪಿಎಲ್‌ಸಿ ಕೇಳಿ ಮಾಡಿಸಿ. ಕಬ್ಬಿಣದ ಕೊರತೆ ತೀರಾ ಹೆಚ್ಚಿದ್ದರೆ ಎಚ್‌ಬಿಎ2 ಕಡಿಮೆ ತೋರಿಸಬಹುದು, ಈಚೆಗೆ ರಕ್ತ ಏರಿಸಿಕೊಂಡಿದ್ದರೂ ಲೆಕ್ಕ ತಪ್ಪುತ್ತದೆ. ಇವನ್ನು ಲ್ಯಾಬಿನವರಿಗೆ ಮೊದಲೇ ಹೇಳಿ. ಒಬ್ಬರು ವಾಹಕರಲ್ಲ ಎಂದು ಖಾತ್ರಿಯಾದರೆ ಮೇಜರ್ ಮಗುವಿನ ಭಯವಿಲ್ಲ. ಮದುವೆಗೆ ಮೊದಲೇ ಮಾಡಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ಆದರೆ ಜಾತಕ ತೋರಿಸಲು ಮೂರು ಊರು ಸುತ್ತುವವರು ಈ ಒಂದು ಪರೀಕ್ಷೆಗೆ ಮುಖ ಸಿಂಡರಿಸುತ್ತಾರೆ, ಏನು ಮಾಡುವುದು.

ಇಬ್ಬರೂ ವಾಹಕರೆಂದು ಗೊತ್ತಾದರೆ ಬಸಿರು ನಿಂತ ಕೂಡಲೇ ತಡಮಾಡಬಾರದು. 11ರಿಂದ 13 ವಾರದ ಹೊತ್ತಿಗೆ ಮಾಸಿನ ಚೂರು ತೆಗೆದು, ಅಥವಾ 16 ವಾರದ ನಂತರ ಗರ್ಭದ ನೀರು ತೆಗೆದು, ಮಗುವಿನ ಜೀನ್ ನೋಡಬಹುದು. ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಈ ಕೆಲಸದಲ್ಲಿ ಪಳಗಿದ್ದು. 1957ರಲ್ಲಿ ರಕ್ತಗುಂಪು ಪರೀಕ್ಷಿಸುವ ಕೇಂದ್ರವಾಗಿ ಶುರುವಾದ ಸಂಸ್ಥೆ ಇದು.

‘ಹೊಟ್ಟೆಯಲ್ಲಿರುವ ಮಗುವಿನ ಪರೀಕ್ಷೆ ಕಾನೂನಿಗೆ ವಿರುದ್ಧ ಅಲ್ವಾ’ ಎಂದು ಹಿಂಜರಿಯುವವರಿದ್ದಾರೆ. ಗಂಡೋ ಹೆಣ್ಣೋ ಎಂದು ನೋಡುವುದು ವಿರುದ್ಧ. ಅದನ್ನು ತಡೆಯಲು ಮಹಾರಾಷ್ಟ್ರ 1988ರಲ್ಲೇ ಕಾನೂನು ತಂದಿತು, ಕೇಂದ್ರದ ಕಾನೂನು 1994ರದ್ದು. ಆನುವಂಶಿಕ ಕಾಯಿಲೆಗಾಗಿ, ನೋಂದಾಯಿತ ಕೇಂದ್ರದಲ್ಲಿ, ಫಾರಂ ತುಂಬಿ ಮಾಡಿಸುವ ಪರೀಕ್ಷೆಗೆ ಅದೇ ಕಾನೂನು ಅವಕಾಶ ಕೊಡುತ್ತದೆ. ಮಗುವಿಗೆ ಕಾಯಿಲೆ ಇದೆ ಎಂದು ಗೊತ್ತಾದರೆ ಮುಂದೇನು ಎಂಬುದು ಗಂಡ ಹೆಂಡತಿ ಡಾಕ್ಟರ ಜೊತೆ ಕೂತು ಮಾಡಬೇಕಾದ ತೀರ್ಮಾನ. ಅದರಲ್ಲಿ ಲೇಖನ ಬರೆಯುವವರು ಮೂಗು ತೂರಿಸಬಾರದು.

ಹುಟ್ಟಿದ ಮೇಲೆ ಗುಣ ಮಾಡುವ ಕಸಿ ಬೊರಿವಲಿಯ ಪಾಲಿಕೆ ಕೇಂದ್ರದಂಥ ಕಡೆ ಮಾಡುತ್ತಾರೆ. ಹೊಂದುವ ಒಡಹುಟ್ಟಿದವರಿದ್ದು, ಆದಾಯ ಕಡಿಮೆಯಿದ್ದರೆ, ಕೋಲ್ ಇಂಡಿಯಾದ ಥಲಸ್ಸೀಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ.

ಇನ್ನು ಎಚ್ಚರದ ಮಾತು. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆ ಒಪ್ಪಿಗೆ ಪಡೆದ ಟ್ರಯಲ್‌ನಲ್ಲಿ ಮಾತ್ರ ನಡೆಯಬೇಕು. ಟ್ರಯಲ್‌ಗೆ ರೋಗಿಯಿಂದ ದುಡ್ಡು ಕೇಳುವ ಹಾಗಿಲ್ಲ. ಗರ್ಭದಲ್ಲೇ ಸ್ಟೆಮ್ ಸೆಲ್ ಕೊಡುತ್ತೇವೆ, ಇಷ್ಟು ಲಕ್ಷ ಪ್ಯಾಕೇಜು ಎಂದರೆ ಎದ್ದು ಬನ್ನಿ.

ಅದರ ಸೋದರ ಸಂಬಂಧಿಯೇ ಹೊಕ್ಕುಳಬಳ್ಳಿ ರಕ್ತ ಕೂಡಿಡುವ ವ್ಯಾಪಾರ. ಬಸುರಿಯರ ಕ್ಲಾಸುಗಳಲ್ಲಿ, ಡಾಕ್ಟರ ಕಾಯುವ ಕೋಣೆಯಲ್ಲಿ ಕಾಗದ ಹಂಚುತ್ತಾರೆ. ಮಗುವಿಗೆ ಮುಂದೆ ಥಲಸ್ಸೀಮಿಯಾ ಬಂದರೆ ಅದರದೇ ರಕ್ತ ಕೆಲಸಕ್ಕೆ ಬರುತ್ತದೆ ಎಂದು ಹೇಳಿದರೆ ನಂಬಬೇಡಿ. ಆ ರಕ್ತದ ಸ್ಟೆಮ್ ಸೆಲ್‌ಗಳಲ್ಲೂ ಅದೇ ಕೆಟ್ಟ ಜೀನ್ ಇರುತ್ತದೆ. ಕೂಡಿಡಲು ಅರ್ಥವಿರುವುದು, ಮನೆಯಲ್ಲಿ ಈಗಾಗಲೇ ಕಾಯಿಲೆಯ ಮಗುವಿದ್ದು, ತಮ್ಮನೋ ತಂಗಿಯೋ ಆರೋಗ್ಯವಾಗಿ ಹುಟ್ಟುವಾಗ. ಆಗಲೂ ಅದು ಅಣ್ಣನಿಗೋ ಅಕ್ಕನಿಗೋ ಹೊಂದಬೇಕು. ಹೆರಿಗೆಗೆ ಕೆಲವು ವಾರ ಮೊದಲೇ ಕಸಿ ಮಾಡುವ ಡಾಕ್ಟರನ್ನು ಕಂಡು ಮಾತಾಡಿ, ರಕ್ತ ಯಾರು ತೆಗೆಯಬೇಕು, ಎಲ್ಲಿಗೆ ಕಳಿಸಬೇಕು ಎಂದು ಹೆರಿಗೆ ಆಸ್ಪತ್ರೆಯವರಿಗೆ ಬರೆದು ಕೊಟ್ಟಿರಬೇಕು. ಹೆರಿಗೆಯ ಗಡಿಬಿಡಿಯಲ್ಲಿ ಅದನ್ನು ನೆನಪಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ.